ಮಾನ್ವಿಯಲ್ಲಿ ನಿಲ್ಲದೆ ಸುತ್ತಿದ ಮರದ ಕುದುರೆಗಳು

ಬೇಸಿಗೆ ರಜೆಯಲ್ಲಿ ಮಗಳು ಸಿಂಚನಾಳನ್ನು ಕರೆದುಕೊಂಡು ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದೆ. ದೇವದುರ್ಗದಲ್ಲಿರುವ ಅಕ್ಕನ ಮನೆಗೆ ನೇರ ಬಸ್ಸಿತ್ತು. ಆದರೂ ಮಾನ್ವಿ ಸುತ್ತಿಕೊಂಡು ಹೋಗಲು ಹೊರಟಿದ್ದು ಮಕ್ಕಳನ್ನು ಕೂರಿಸಿ ಸುತ್ತಿಸುವ ಚಕ್ರದ ಮರದ ಕುದುರೆಗಳಿಗಾಗಿ. ಚಿಕ್ಕವಳಿದ್ದಾಗ ರಾಯಚೂರಿನ ಕೋಟೆಯ ಬಳಿ ಅವುಗಳ ಮೇಲೆ ಕೂತು ಗಿರಗಿರ ತಿರುಗಿದ್ದೆ. ಈಗ ಊರಿನಲ್ಲಿರುವುದು ಪ್ಲಾಸ್ಟಿಕ್ ಬಾತುಕೋಳಿ, ಕಾರುಗಳು. ಹಳೆಯ ಕುದುರೆಗಳು ಮಾನ್ವಿಗೆ ಬಂದಿವೆ ಎಂದು ಪರಿಚಯದವರು ಹೇಳಿದ್ದರು.

ಬಸ್ ನಿಲ್ದಾಣದ ಹಿಂದಿನ ಬಯಲಲ್ಲಿ ಅವು ಸಿಕ್ಕವು. ಒಡತಿ ಮಾಬುನ್ನಿ, ಐವತ್ತರ ಆಸುಪಾಸಿನವರು.

"ನಮ್ಮಜ್ಜ ರಾಯಚೂರಾಗ ಬೇವಿನ ಕಟಿಗೀಲೆ ಕೆತ್ತಿದ್ದರಿ. ಅಪ್ಪ ಕೈಲೇ ತಳ್ಳತಿದ್ದ. ನನಗ ಮೊಣಕಾಲ ನೋವು, ಮೋಟರ್ ಕೂಡಿಸೀನಿ" ಎಂದರು.

ಸಿಂಚನಾ ಕೆಂಪು ಕುದುರೆ ಏರಿದಳು. ಜೊತೆಗೆ ಇನ್ನೂ ನಾಲ್ಕು ಮಕ್ಕಳಿದ್ದರು. ನಾಲ್ಕಾರು ಸುತ್ತಿನ ಮೇಲೆ ಮಾಬುನ್ನಿ ಸ್ವಿಚ್ ಒತ್ತಿದರು. ಚಕ್ರ ನಿಲ್ಲಲಿಲ್ಲ. ಮತ್ತೆ ಮತ್ತೆ ಒತ್ತಿದರು. ಸುಟ್ಟ ವಾಸನೆ ಬಂತು.

"ಬಂದ್ ಆಗವಲ್ದರಿ!" ಎಂದು ಅವರು ಕೂಗುವಾಗಲೇ ಮಗಳ ಕುದುರೆಯ ಹಿಂಗಾಲು ಚಟ್ಟೆಂದು ಸೀಳಿತು. ಕುದುರೆ ಹೊರಕ್ಕೆ ವಾಲಿತು. ಸಿಂಚನಾಳ ಒಂದು ಕಾಲು ನೆಲಕ್ಕೆ ತಾಗಿ ಉಜ್ಜುತ್ತಿತ್ತು.

"ಮಮ್ಮೀ!"

"ಯವ್ವಾ, ಕಂಬಿ ಬಿಡಬ್ಯಾಡ!" ಎಂದು ಮಗಳಿಗೆ ಕೂಗಿದ ಮಾಬುನ್ನಿ ನನ್ನತ್ತ ತಿರುಗಿ, "ನೀವು ಎದುರಿನ ಹೋಟೆಲಿಗೆ ಓಡ್ರಿ, ಕರೆಂಟ್ ಅಲ್ಲಿಂದ ಬಂದದ!"

ವೈರಿನ ಜಾಡು ಹಿಡಿದು ಓಡಿದೆ. ಹೋಟೆಲಿನಾತ ಮಂಡಾಳಿಗೆ, ಎಂದರೆ ಮಂಡಕ್ಕಿಗೆ, ಒಗ್ಗರಣೆ ಹಾಕುತ್ತಿದ್ದ. ಅವನನ್ನು ಪಕ್ಕಕ್ಕೆ ತಳ್ಳಿ, ಗೋಡೆಯ ಮೇಲಿನ ಪ್ಲಗ್ ಕಿತ್ತೆಸೆದೆ.

ತಿರುಗಿ ಬಂದಾಗ ಚಕ್ರ ನಿಧಾನವಾಗುತ್ತಿತ್ತು. ಮಾಬುನ್ನಿ ತಿರುಗುವ ಚಕ್ರದ ಹಲಗೆಯ ಮೇಲೆ ಹಾರಿ, ಮಗಳನ್ನೂ ಮುರಿದ ಕುದುರೆಯನ್ನೂ ಒಟ್ಟಿಗೆ ತಬ್ಬಿಕೊಂಡು ಕೂತಿದ್ದರು. ಅವರ ಮೊಣಕೈಯಿಂದ ರಕ್ತ ಸೋರುತ್ತಿತ್ತು. ಮಗಳಿಗೆ ಹಿಮ್ಮಡಿ ತರಚಿತ್ತು, ಅಷ್ಟೇ. ಬೈಯಬೇಕೆಂದು ಬಾಯಿ ತೆರೆದವಳು ಅವರ ಕೈ ಹಿಡಿದು ಅತ್ತುಬಿಟ್ಟೆ.

ಮಧ್ಯಾಹ್ನ ಸಿರವಾರದ ಮೇಲೆ ಹಾಯ್ದು ದೇವದುರ್ಗ ಸೇರಿದೆವು. ಬಿಸಿಗಾಳಿಗೆ ಕಿಟಕಿ ಮುಚ್ಚಿದ್ದ ಬಸ್ಸಿನಲ್ಲಿ ಸಿಂಚನಾ ನನ್ನ ತೋಳನ್ನು ಬಿಗಿಯಾಗಿ ಹಿಡಿದೇ ಕೂತಿದ್ದಳು.

ವಾರದ ಬಳಿಕ ರಾಯಚೂರಿಗೆ ಮರಳಲು ಹೊರಟಾಗ, ದೇವದುರ್ಗದ ಬಸ್ ನಿಲ್ದಾಣದ ಬಳಿಯ ಬಯಲಲ್ಲೇ ಮಾಬುನ್ನಿಯ ಕುದುರೆಗಳು ಕಂಡವು. ಮೋಟರ್ ಇರಲಿಲ್ಲ. ಅವರು ಕುಂಟುತ್ತ ಕೈಯಿಂದಲೇ ತಳ್ಳುತ್ತಿದ್ದರು.

"ಮೋಟರ್ ಮ್ಯಾಲ ಭರೋಸಾ ಹೋತರಿ" ಎಂದರು. ಮಗಳನ್ನು ನೋಡಿ, "ಕೂಡ್ತೀಯೇನವ್ವಾ?" ಎಂದು ಅಳುಕುತ್ತಲೇ ಕೇಳಿದರು.

ಸಿಂಚನಾ ತಲೆಯಾಡಿಸಿದಳು, ಒಲ್ಲೆನೆಂದು. ಮಾಬುನ್ನಿಯ ಕುಂಟುವ ಕಾಲನ್ನು ನೋಡಿದಳು. ಆಮೇಲೆ ಹೋಗಿ ಅವರ ಪಕ್ಕದ ಕಂಬಿಗೆ ಎರಡೂ ಕೈಯೊತ್ತಿ ತಳ್ಳತೊಡಗಿದಳು.

ನಾವು ಹತ್ತಬೇಕಿದ್ದ ರಾಯಚೂರಿನ ಬಸ್ಸು ಹಾರ್ನ್ ಹಾಕಿತು. ನಾನು ಚೀಲ ಕೆಳಗಿಟ್ಟು ಇನ್ನೊಂದು ಕಂಬಿ ಹಿಡಿದೆ.