ಮೊರದಲ್ಲಿ ಬಂದ ಹೆಸರು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನಾನು ಹುಟ್ಟಿದ ದಿನದ ಕತೆಯನ್ನು ಪಕ್ಕದಲ್ಲೇ ನಿಂತು ನೋಡಿದವಳಂತೆ ಹೇಳುವ ಚಟ ನನಗಿದೆ. ನರ್ಸಿನ ಸೀರೆಯ ಅಂಚು ಒಮ್ಮೆ ನೀಲಿ ಎನ್ನುತ್ತೇನೆ, ಇನ್ನೊಮ್ಮೆ ಹಸಿರು.

ನನ್ನ ಹೆಸರು ರೂತ್. ತ್ಯಾವಣಿಗೆಯ ಲಿಂಗಾಯತರ ಮನೆ, ಹಣೆಯಲ್ಲಿ ವಿಭೂತಿ, ಹೆಸರು ಮಾತ್ರ ಬೈಬಲ್ಲಿನದು. ಹೊಸಬರು ಹೆಸರು ಕೇಳುತ್ತಾರೆ, ಹಣೆ ನೋಡುತ್ತಾರೆ, ಯಾವುದನ್ನು ನಂಬಬೇಕೆಂದು ತಿಳಿಯದೆ ಊರು ಯಾವುದು ಎನ್ನುತ್ತಾರೆ.

ನನಗಿಂತ ಮೊದಲು ಹುಟ್ಟಿದ ಮಕ್ಕಳು ಅವ್ವನಿಗೆ ಉಳಿದಿರಲಿಲ್ಲ. ಅಂಥ ಮನೆಗಳಲ್ಲಿ ಮುಂದಿನ ಕೂಸಿಗೆ ತಿಪ್ಪಮ್ಮ, ಗುಂಡಮ್ಮ ಎಂದಿಡುವುದುಂಟು. ವಿಧಿಗೂ ಬೇಡವಾಗಲಿ ಎಂದು. ನಮ್ಮಜ್ಜಿ ಇನ್ನೂ ಗಟ್ಟಿ ಹಾದಿ ಹಿಡಿದಳು. ನನ್ನನ್ನು ಮೊರದಲ್ಲಿ ಮಲಗಿಸಿ, ಚನ್ನಗಿರಿಯಲ್ಲಿ ಹೆರಿಗೆ ಮಾಡಿಸಿದ ನರ್ಸ್ ರೂತಮ್ಮನಿಗೆ ಹಿಡಿ ತೌಡಿಗೆ ಮಾರಿಬಿಟ್ಟಳು. ಕೊಂಡವಳ ಹೆಸರೇ ಕೂಸಿಗೆ. ಕೂಸು ಗಟ್ಟಿಯಾದ ಮೇಲೆ ತೌಡು ಹಿಂದಿರುಗಿಸಿ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಮನೆಯಲ್ಲೇ ಬೆಳೆದರೂ ಅದು ಪರರ ಮಗು. ಹೆತ್ತವಳು 'ನನ್ನ ಮಗಳು' ಎನ್ನುವಂತಿಲ್ಲ.

ಕಾಲೇಜು ಸೇರಿದ ಮೇಲೆ ಹೆಸರಿನ ಬೇರು ಹುಡುಕಿದೆ. ಹೀಬ್ರೂವಿನಲ್ಲಿ 'ಒಡನಾಡಿ' ಎಂದಿರಬಹುದಂತೆ, ಖಚಿತವಿಲ್ಲವಂತೆ. ಬೈಬಲ್ಲಿನ ಆ ಮೊದಲ ರೂತ್ ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದೆ ಪರನಾಡಿಗೆ ಹೋದವಳು, ಕೊಯ್ದ ಹೊಲಗಳಲ್ಲಿ ಉದುರಿ ಉಳಿದ ಹಕ್ಕಲು ಆಯ್ದು ಆಕೆಯನ್ನು ಸಾಕಿದವಳು. ಇಂಥ ಸೊಸೆಯ ಹೆಸರು ಹೊತ್ತ ನಾನು ಮದುವೆಯನ್ನೇ ಆಗಲಿಲ್ಲ. ಯಾವ ಅತ್ತೆಗೆ ನಷ್ಟವಾಯಿತೋ. ಹೊನ್ನಾಳಿಯ ಬಾಡಿಗೆ ಮನೆಯಲ್ಲಿ ಈ ಒಡನಾಡಿ ಒಬ್ಬಳಿಗೇ ಅನ್ನಕ್ಕಿಡುತ್ತಾಳೆ. ಕಾಲೇಜಿನಲ್ಲಿ ನಾನು ಮೇಡಂ, ಬೀದಿಯಲ್ಲಿ ಟೀಚರಮ್ಮ. ಹೆಸರು ಹಿಡಿದು ಕರೆಯುವವನು ಕೊರಿಯರಿನವನೊಬ್ಬನೇ. ಸಹಿಯಾದ ಮೇಲೆ ಅವನೂ ನಿಲ್ಲುವುದಿಲ್ಲ.

ಮನೆಗೆ ಯಾರೇ ಬಂದರೂ ಅವ್ವ ನನ್ನನ್ನು ತೋರಿಸಿ, "ಇದು ರೂತಮ್ಮನ ಕೂಸು" ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನಗೆ ನೌಕರಿಯಾಗಿ ತಲೆ ನರೆತ ಮೇಲೂ ಅದೇ ಮಾತು. ಹೋದ ವರ್ಷ ಅವ್ವ ತೀರಿಕೊಂಡಳು. ಈಗ ಆ ಮಾತು ನೆನೆದರೆ ನಗು ಬರುವುದಿಲ್ಲ.

ಈ ಬೇಸಿಗೆಯಲ್ಲಿ ಬಿಳಿಚೋಡಿಗೆ ಹೋದೆ. ಅವ್ವನ ತಂಗಿ, ನನ್ನ ಚಿಕ್ಕಮ್ಮ, ಅಲ್ಲಿದ್ದಾಳೆ. ನನ್ನನ್ನು ಬಿಡಿಸಿಕೊಂಡದ್ದು ಯಾವಾಗ ಎಂದು ಕೇಳಿದೆ. ಶೇಂಗಾ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ.

"ಎಲ್ಲಿ ಬಿಡಿಸ್ಕೊಂಡ್ವಿ ತಾಯಿ? ತೌಡು ತಗಂಡು ಹೋಗೋದ್ರೊಳಗೆ ಆಯಮ್ಮಗೆ ವರ್ಗ ಆಗಿತ್ತು. ಯಾವೂರಿಗೆ ಅಂತ ಹೇಳಾಕೆ ಅಲ್ಲಿ ಯಾರೂ ಇರ್ಲಿಲ್ಲ. ನೀನು ಇವತ್ತಿಗೂ ಆಯಮ್ಮನ ಬಾಬತ್ತೇ. ಅದ್ಕೇ ನೋಡು, ಹಿಂಗೆ ಗುಂಡುಕಲ್ಲಿನಂಗೆ ಇದೀಯ."

ಅಂದರೆ ಅವ್ವ ಅಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದು ನನ್ನ ಜೀವಕ್ಕೆ ಹೆದರಿ. ಅಥವಾ ಹಾಗೆಂದುಕೊಳ್ಳುವುದು ನನಗೆ ಅನುಕೂಲ. ಮೊದಲ ರೂತಳಂತೆ ನಾನೂ ಹಕ್ಕಲು ಆಯುವವಳೇ. ಬೇರೆಯವರ ಮಾತಿನಿಂದ ಉದುರಿದ ಕಾಳುಗಳಲ್ಲಿ ನನಗೆ ಬೇಕಾದದ್ದನ್ನಷ್ಟೇ ಆಯುತ್ತಿರಬಹುದು.

ಚಿಕ್ಕಮ್ಮ ಸುಲಿದದ್ದನ್ನೆಲ್ಲ ಮೊರಕ್ಕೆ ಸುರಿದುಕೊಂಡು ಕೇರತೊಡಗಿದಳು. ಆ ಸದ್ದಿನಲ್ಲಿ ನನ್ನ ಪ್ರಶ್ನೆ ಅವಳಿಗೆ ಕೇಳಿಸಿತೋ ಇಲ್ಲವೋ, ಅಂದೂ ಹೇಳಲಿಲ್ಲ, ಆಮೇಲೆ ಫೋನಿನಲ್ಲೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಯಾರೂ ಇಲ್ದಾಗ, ನಿನ್ನೊಬ್ಬಳ ಹತ್ರನಾದ್ರೂ, ಅವ್ವ ನನ್ನನ್ನ 'ನನ್ನ ಮಗಳು' ಅಂದಿದ್ಲಾ?"