ಇಬ್ಬರ ಮೊಳಕ್ಕೆ ಒಂದು ಕಾರು

ಮಂಡಿನೋವಿನ ನಮ್ಮತ್ತೆ ಹತ್ತಲಿ ಅಂತ ನಮ್ಮನೆಯವರು ಹಳೇ ಕಾರನ್ನ ತಗ್ಗಿಸಿದ್ದೇ, ಹಿಂದಿನ ಚಕ್ರ ಸೊಟ್ಟಗಾದವು. ಅವನ್ನ ನೆಟ್ಟಗೆ ಹಿಡಿಯೋಕೆ, ಉದ್ದ ಹೆಚ್ಚುಕಡಿಮೆ ಮಾಡೋ ತಿರುಪಿನ ಎರಡು ಕಬ್ಬಿಣದ ತೋಳುಗಳನ್ನ ಇಬ್ಬರು ಸೇರಿ ಮಾಡಿದರು. ಎಡಗಡೆದು ಶಿವಮೊಗ್ಗದಲ್ಲಿ ಇವರು, ಬಲಗಡೆದು ಭದ್ರಾವತೀಲಿ ವೆಲ್ಡಿಂಗ್ ಸೆಲ್ವಂ.

ಅತ್ತೆಯ ಕೊನೇ ತಮ್ಮನ ಮಗುವಿಗೆ ಭದ್ರಾವತೀಲಿ ನಾಮಕರಣ. ಕಿವೀಲಿ ಹೆಸರು ಹೇಳಬೇಕಾದ ಸೋದರತ್ತೆ ನಮ್ಮತ್ತೆಯೇ. ಹೊರಟರೆ ಕಾರು ಏಡಿ ಹಂಗೆ ಅಡ್ಡಡ್ಡ ಹೋಗೋದೇ! ಹೆಂಗೋ ಸೆಲ್ವಂ ಅಂಗಡಿ ಮುಟ್ಟಿದ್ವಿ.

"ಅಳತೆ ಏನಿಟ್ಟಿದ್ರಿ?" ಅಂದೆ.

"ಒಂದು ಮೊಳ, ನಾಲ್ಕು ಬೆರಳು," ಅಂದರು ಇಬ್ಬರೂ.

"ಯಾರ ಮೊಳ ಮಾರಾಯ್ರೆ? ಅವನು ಆರಡಿ, ನೀವು ಅವನ ಎದೆಮಟ್ಟ!"

"ತಿರುಪು ಇರೋದೇ ಅದಕ್ಕಲ್ಲವಾಮ್ಮಾ," ಅಂತ ನಗ್ತಾ ಸೆಲ್ವಂ ಒಂದೇ ದಾರದಲ್ಲಿ ಎರಡನ್ನೂ ಅಳೆದು ಸರಿಮಾಡಿದ. ಕಾರು ನೆಟ್ಟಗಾಯ್ತು, ನನಗೆ ಹೋದ ಜೀವ ಬಂತು.

ತೊಟ್ಟಿಲು ತೂಗೋ ಹೊತ್ತಿಗೆ ಸರಿಯಾಗಿ ಹೋದ್ವಿ. ಹೆಸರಿಗಿಂತ ಮುಂಚೆ ಅತ್ತೆ ಕೂಸಿನ ಕಿವೀಲಿ ಮಗನ ದಡ್ಡತನ ಹೇಳಿದರೇನೋ, ಅಷ್ಟು ಹೊತ್ತು ಬಗ್ಗಿದ್ದರು.