ಖಾಲಿ ಫೋಲ್ಡರಿನ ತುಂಬಿದ ಕೋಟಾ

ರಾಯಬಾಗದ ಒಂದು ಖಾಸಗಿ ಮಣ್ಣು ಪರೀಕ್ಷೆಯ ಲ್ಯಾಬಿನಿಂದ ಒಂದೇ ವಾರದಲ್ಲಿ ಮೂರನೇ ಸಲ ಫೋನ್ ಬಂದಾಗ ನನಗೆ ತಲೆ ಕೆಟ್ಟಿತು. ಅಲ್ಲಿನ ಸರ್ವರಿನಲ್ಲಿ ಒಬ್ಬೊಬ್ಬರಿಗೆ ಇಷ್ಟಿಷ್ಟೇ ಜಾಗವೆಂದು ಕೋಟಾ ಹಾಕಿಕೊಟ್ಟವನು ನಾನು. ಕ್ಲರ್ಕ್ ಶಬಾನಾ ಅವರದು ಮಾತ್ರ ಸದಾ ಭರ್ತಿ.

ಹೋದವನೇ ಹರಿಹಾಯ್ದೆ: "ಏನ್ ತುಂಬತೀರಿ ಮೇಡಂ, ಮದವಿ ಫೋಟೋ ಏನ್ರಿ?"

"ನನ್ನ ವರದಿ ಸೈತ ಅಳಿಸೇನ್ರಿ ಸರ್. ಫೋಲ್ಡರ್ ಖಾಲಿ ಐತಿ, ನೀವ ನೋಡ್ರಿ."

ನಿಜಕ್ಕೂ ಖಾಲಿ ಇತ್ತು. ಒಳಗಿನಿಂದ ಮ್ಯಾನೇಜರ್ ಕೂಗಿದರು: "ಸುಳ್ಳ ಹೇಳ್ತಾಳ್ರಿ. ಮಾಫಿ ಪತ್ರ ಬರಕೊಡಾಕ ಹೇಳೇನಿ!"

ಹುಡುಕಿದಾಗ ಗೊತ್ತಾಯಿತು. ನಿವೃತ್ತರಾದ ಕ್ಲರ್ಕೊಬ್ಬರ ಹಳೆಯ ಫೈಲುಗಳನ್ನು ಬೇರೆ ಫೋಲ್ಡರಿಗೆ ಸಾಗಿಸುವಾಗ, ಅಷ್ಟನ್ನೂ ಯಾರೋ ಶಬಾನಾ ಹೆಸರಿಗೆ ಹಚ್ಚಿದ್ದರು. ಫೈಲು ಎಲ್ಲೇ ಇರಲಿ, ಸರ್ವರ್ ಲೆಕ್ಕ ಹಿಡಿಯುವುದು ಹೆಸರನ್ನು. ಮೈಯೆಲ್ಲ ಉರಿಯಿತು. ಯಾವ ಕತ್ತೆ ಮಾಡಿದ್ದೆಂದು ದಾಖಲೆ ತೆಗೆದರೆ, ನನ್ನದೇ ಲಾಗಿನ್.

ಎಲ್ಲರಿಗೂ ಕೇಳುವಂತೆ ಒಪ್ಪಿಕೊಂಡೆ.

"ಇರ್ಲಿ ಬಿಡ್ರಿ ಸರ್, ಕೆಲಸದಾಗ ಆಗತೈತಿ," ಎಂದು ಮ್ಯಾನೇಜರ್ ನಕ್ಕರು. ಆ ನಗುವಿಗೆ ನನ್ನ ಸಿಟ್ಟು ಮತ್ತಷ್ಟು ಏರಿತು.

ಶಬಾನಾ ನಗಲಿಲ್ಲ. ಡ್ರಾಯರಿನಿಂದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಮಾಫಿ ಪತ್ರ ಇನ್ನೂ ಕೊಟ್ಟಿಲ್ರಿ. ಹೆಸರಷ್ಟ ತಿದ್ರಿ ಸರ್, ಉಳದದ್ದೆಲ್ಲಾ ನಾ ಬರದೇನಿ."

ಓದಿ ನೋಡಿದೆ. ಬೇರೆ ಏನನ್ನೂ ತಿದ್ದಬೇಕಾಗಿರಲಿಲ್ಲ.